ಮೂವತ್ತಾರು ದಾಟಿದ ರೀಲು

ಕೂಸೇ,

ಪತ್ರದ ತಲೆಯಲ್ಲಿ ಪ್ರೀತಿಯ, ಮುದ್ದಿನ ಅಂತೆಲ್ಲ ಬರೆಯಬೇಕು. ಊರ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಹಾಗೇ ಕಲಿಸಿದ್ದರು. ಅಷ್ಟು ಕಲಿತದ್ದು ಸಾಕು ಅಂತ ಮನೆಯಲ್ಲಿ ನನ್ನನ್ನು ಶಾಲೆ ಬಿಡಿಸಿದರು. ಈವತ್ತು ನಿನ್ನ ಮೇಲೆ ಸಿಟ್ಟಿದೆ, ಅದಕ್ಕೇ ಆ ಮಾತುಗಳನ್ನು ಕೈಬಿಟ್ಟಿದ್ದೇನೆ. ಬೇಕಾದರೆ ನೀನೇ ಸೇರಿಸಿಕೊಂಡು ಓದಿಕೋ. ಇಲ್ಲದ್ದನ್ನು ಇದೆ ಅಂತ ಸೇರಿಸಿಕೊಳ್ಳುವುದರಲ್ಲಿ ನೀನು ಈಗ ಚೆನ್ನಾಗಿ ಪಳಗಿದ್ದೀಯಲ್ಲ.

ಫೋನಿನಲ್ಲಿ ನೀನು ಕಳಿಸಿದ್ದ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. "ಅಜ್ಜೀ, ಇನ್ನೊಂದು ಕ್ಯಾಮೆರಾ ಆರಿಸ್ಕೊಡ್ತೀಯಾ? ಈ ಸಲ ಸುಲಭದ್ದು. ಎಲ್ಲಾ ಅದೇ ಮಾಡ್ಕೊಳ್ಳೋ ಅಂಥದ್ದು. ಮದ್ವೆ ದಿನ ಅವರಿಗೆ ಕೊಡ್ಬೇಕು. ಹಳೇದ್ರಲ್ಲಿ ಫೋಟೋ ಬರ್ದೇ ಇದ್ದದ್ದು ನನ್ನಿಂದ್ಲೇ ಅಂತ ಹೇಳ್ಬಿಟ್ಟಿದೀನಿ. ನಾನೇ ಗೊತ್ತಿಲ್ದೆ ಕ್ಯಾಮೆರಾ ಹಿಂದಿನ ಬಾಗ್ಲು ತೆಗ್ದಿದ್ದೆ ಅಂತ. ನೀನೂ ಹಾಗೇ ಹೇಳು, ಆಯ್ತಾ?"

ಆಗಲಿಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಕಸುಬು ಗೊತ್ತಿರಬೇಕು ತಾಯಿ. ರೀಲು ಒಳಗಿರುವಾಗ ಬಾಗಿಲು ತೆಗೆದರೆ ಬೆಳಕು ನುಗ್ಗಿ, ತೊಳೆದ ಮೇಲೆ ಅದು ಹಂಚಿನ ಮಸಿಯ ಹಾಗೆ ಕಪ್ಪಗೆ ಬರುತ್ತದೆ. ನಿನ್ನ ರೀಲು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ನಿನ್ನ ಮತ್ತು ನೀನು ಮದುವೆಯಾಗಲಿರುವ ಹುಡುಗನ ಕಣ್ಣೆದುರಿಗೇ ಕಿಟಕಿಗೆ ಹಿಡಿದು ತೋರಿಸಿದ್ದೆ. ಆದರೂ ನೀನು ಬಾಗಿಲು ತೆಗೆದೆ ಅಂದೆ, ಅವನು ಹೌದು ಅಂದುಕೊಂಡ. ತಕ್ಷಣ ನಂಬಿದನಂತೆ, ಹಗುರಾದನಂತೆ, ನಿನ್ನನ್ನು ಊಟಕ್ಕೆ ಹೊರಗೆ ಕರೆದುಕೊಂಡು ಹೋದನಂತೆ. ಇದನ್ನು ನೀನು ಸಂತೋಷದ ಸುದ್ದಿಯ ಹಾಗೆ ಹೇಳಿದ್ದೀ. ನಾನು ತಿನ್ನುತ್ತಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿ ಪೆನ್ನು ಹುಡುಕಿದೆ.

ಫೋನು ಮಾಡಿ ಬೈಯಬಹುದಿತ್ತು. ಆದರೆ ಮಾತು ಗಟ್ಟಿಯಾಗುತ್ತಿದ್ದ ಹಾಗೆ "ಅಜ್ಜೀ, ಅಂಗಡೀಲಿ ಜನ ಇದಾರೆ" ಅಂತ ಇಟ್ಟುಬಿಡುತ್ತೀ. ಪತ್ರವನ್ನಾದರೆ ಅರ್ಧಕ್ಕೆ ಮಡಿಸಿಟ್ಟರೂ ಅದು ಅಲ್ಲೇ ಕೂತಿರುತ್ತದೆ. ನಿನ್ನ ತಾತನ ಫೋಟೋ ಸ್ಟುಡಿಯೋದ ಕವರುಗಳ ಮೇಲೆ ಗಿರಾಕಿಗಳ ಹೆಸರು ಬರೆದು ಬರೆದು ಪಳಗಿದ ಅಕ್ಷರ ಇದು, ಸೊಟ್ಟಗಿದ್ದರೂ ಓದಲು ಬರುತ್ತದೆ.

ಆ ಕ್ಯಾಮೆರಾ ಆರಿಸಿದ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಇದೆ. ನೀನು ಕನ್ನಡಕದ ಅಂಗಡಿಗೆ ರಜೆ ಹಾಕಿ ಬಂದಿದ್ದೆ. ದಿನವಿಡೀ ಕತ್ತಲಲ್ಲಿ ಕೂತು, ಬಂದವರ ಕಣ್ಣಿನ ಮುಂದೆ ಗಾಜು ಬದಲಿಸುತ್ತಾ "ಇದು ಸ್ಪಷ್ಟಾನಾ, ಇದು ಸ್ಪಷ್ಟಾನಾ" ಅಂತ ಕೇಳುವ ಹುಡುಗಿ ನೀನು. ಅವನು ನಿನಗೆ ಸಿಕ್ಕಿದ್ದೂ ಆ ಕುರ್ಚಿಯಲ್ಲೇ. ಕಟ್ಟಡಗಳ ನಕ್ಷೆ ಬಿಡಿಸುವವನು, ಎರಡು ಕಣ್ಣಿಗೂ ಬೇರೆ ಬೇರೆ ನಂಬರು. ಅವನ ಹುಟ್ಟಿದ ದಿನಕ್ಕೆ ರೀಲು ಹಾಕುವ ಕ್ಯಾಮೆರಾ ಕೊಡಬೇಕು, ಕೈ ಹೊಸದು, ಏನು ತಗೊಳ್ಳಲಿ ಅಂತ ನನ್ನನ್ನು ಎಬ್ಬಿಸಿಕೊಂಡು ಹೋದೆ. ನಾನು ಮಂಡಿನೋವು ಮರೆತು ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದೆ. ಅಷ್ಟು ವರ್ಷ ನಿನ್ನ ತಾತನ ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಡಾರ್ಕ್ ರೂಮಿನಲ್ಲಿ ಕೂತಿದ್ದವಳನ್ನು ಕ್ಯಾಮೆರಾ ವಿಷಯದಲ್ಲಿ ಯಾರಾದರೂ ಒಂದು ಮಾತು ಕೇಳಿದ್ದು ಅದೇ ಮೊದಲು.

ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುವ ಆ ಮುದುಕ ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಥರದ್ದು ಇಟ್ಟ. ಒಂದು ಪ್ಲಾಸ್ಟಿಕ್ಕಿನದು. ರೀಲನ್ನು ಅದೇ ಎಳೆದುಕೊಳ್ಳುತ್ತದೆ, ಅದೇ ಸುತ್ತಿಕೊಳ್ಳುತ್ತದೆ, ಒತ್ತುವುದೊಂದೇ ನಮ್ಮ ಕೆಲಸ. ಇನ್ನೊಂದು ಇಟ್ಟಿಗೆಯಷ್ಟು ಭಾರ. ಮೂರನೆಯದು ಕೈಗೆ ಹಿತವಾಗಿದ್ದ ಕಬ್ಬಿಣದ ಡಬ್ಬಿ. ಬ್ಯಾಟರಿ ಸತ್ತರೂ ಅದು ನಡೆಯುತ್ತದೆ, ಬೆಳಕು ಅಳೆಯುವ ಮುಳ್ಳು ಮಾತ್ರ ಮಲಗುತ್ತದೆ. "ಹೊಸಬ್ರಿಗೆ ಪ್ಲಾಸ್ಟಿಕ್ಕೇ ಸರಿ ಅಮ್ಮಾ, ತಲೆನೋವಿಲ್ಲ" ಅಂದ ಅವನು. ನಾನು ಮೂರನೆಯದರ ಹಿಂಬಾಗಿಲು ತೆಗೆದು ಅಂಚಿನಲ್ಲಿ ಬೆಳಕು ತಡೆಯುವ ಸ್ಪಂಜು ಅಂಟಂಟಾಗಿದೆಯೋ ಮುಟ್ಟಿ ನೋಡಿದೆ. ಗಾಜನ್ನು ಕಿಟಕಿಗೆ ಹಿಡಿದು ಒಳಗೆ ಬೂಜು ಹಿಡಿದಿದೆಯೋ ನೋಡಿದೆ. ನಿಧಾನದ ವೇಗಕ್ಕೆ ಇಟ್ಟು ಕಿವಿಗೆ ಹಿಡಿದು ಒತ್ತಿದೆ, ಒಳಗಿನ ಪರದೆ ಉಬ್ಬಸವಿಲ್ಲದೆ ತೆರೆದು ಮುಚ್ಚಿತು. ಮುದುಕ ನಕ್ಕು "ಈಯಮ್ಮನ ಮುಂದೆ ನಂದೇನೂ ನಡೆಯಲ್ಲ" ಅಂದ. "ನಡೆಯೋದಾದ್ರೆ ಏನು ನಡೆಸ್ತಿದ್ದೆ?" ಅಂದೆ. ಅವನು ಟೀ ತರಿಸಿದ.

ನೀನು ಮಾತ್ರ ನನ್ನ ಮಾತನ್ನೂ ಅವನ ಮಾತನ್ನೂ ಕೇಳುತ್ತಿರಲಿಲ್ಲ. ಆ ಮೂರನೆಯದನ್ನು ಕಣ್ಣಿಗೆ ಹಿಡಿದು ನನ್ನ ಕಡೆ ತಿರುಗಿಸಿದ್ದೆ. ಅದರ ನಡುವೆ ಒಂದು ಗುಂಡನೆಯ ಗಾಜಿದೆ. ದೂರ ಸರಿಯಾಗದಿದ್ದರೆ ಎದುರಿನವರ ಮುಖ ಅದರಲ್ಲಿ ಎರಡು ಹೋಳಾಗಿ ಕಾಣುತ್ತದೆ. ಉಂಗುರ ತಿರುಗಿಸುತ್ತಾ ಹೋದರೆ ಹೋಳುಗಳು ಜರುಗಿ ಜರುಗಿ ಕೂಡಿಕೊಳ್ಳುತ್ತವೆ. ನೀನು ತಿರುಗಿಸುತ್ತಲೇ ಇದ್ದೆ. ಆಮೇಲೆ ಮೆತ್ತಗೆ ಹೇಳಿದೆ, "ಅಜ್ಜೀ, ಇದೇ ಇರ್ಲಿ. ಫೋನಲ್ಲಾದ್ರೆ ಟಪಟಪ ಹೊಡೆದು ಜೇಬಿಗೆ ಹಾಕ್ಕೋತಾನೆ. ಇದ್ರಲ್ಲಿ ಅವ್ನು ನನ್ನ ಸ್ವಲ್ಪ ಹೊತ್ತಾದ್ರೂ ನೋಡ್ಬೇಕಾಗುತ್ತೆ."

ಮುದುಕನಿಗೆ ಇದನ್ನೇ ಕೊಡು ಅಂದೆ. ಕಣ್ಣು ನೋಡುವ ಕೆಲಸದವಳು, ನನ್ನನ್ನು ನೋಡು ಅಂತ ಬಾಯಿಬಿಟ್ಟು ಕೇಳಲಾರದೆ ಕಬ್ಬಿಣದ ಡಬ್ಬಿಯೊಂದರ ಕೈಲಿ ಕೇಳಿಸುತ್ತಿದ್ದಳು. ಅವನ ಕನ್ನಡಕಕ್ಕೆ ಗೀರು ಬೀಳಬಾರದು ಅಂತ ನೋಡುವ ಕಿಂಡಿಗೆ ನೀನು ರಬ್ಬರಿನ ಬಳೆ ಹಾಕಿಸಿದೆ. ಅವನ ಎತ್ತರಕ್ಕೆ ತಕ್ಕ ಹಾಗೆ ಕುತ್ತಿಗೆಪಟ್ಟಿಯ ಉದ್ದ ಸರಿ ಮಾಡಿಸಿದೆ. ಅವನು ಭುಜ ಸ್ವಲ್ಪ ಓರೆ ಮಾಡಿ ನಿಲ್ಲುತ್ತಾನೆ ಅಂತ ಪಟ್ಟಿಯ ಒಂದು ಕಡೆಗೆ ದಪ್ಪ ಬಟ್ಟೆ ಹೊಲಿದೆ. ನಾನು ನಿನಗೆ ಒಂದೇ ಒಂದು ಪಾಠ ಹೇಳಿಕೊಟ್ಟೆ. ಬಲಗಡೆಯ ಲಿವರ್ ಎಳೆದಾಗ ಎಡಗಡೆ ಮೇಲಿರುವ ಪುಟ್ಟ ಚಕ್ರ ತಿರುಗಬೇಕು. ಅದು ತಿರುಗಿದರೆ ರೀಲು ಒಳಗಿನ ಹಲ್ಲಿಗೆ ಸಿಕ್ಕಿಕೊಂಡು ಮುಂದಕ್ಕೆ ಹೋಗುತ್ತಿದೆ ಅಂತ ಅರ್ಥ. ತಿರುಗದಿದ್ದರೆ ರೀಲು ಇದ್ದಲ್ಲೇ ಇದೆ, ನೀವು ಹೊಡೆಯುತ್ತಿರುವುದೆಲ್ಲ ಗಾಳಿಗೆ. ನೀನು ತಲೆಯಾಡಿಸಿ, ಆ ಚಕ್ರದ ಮೇಲೆ ಚುಕ್ಕೆಯಷ್ಟು ಕೆಂಪು ಬಣ್ಣ ಹಚ್ಚಿದೆ, ಅವನಿಗೆ ಎದ್ದು ಕಾಣಲಿ ಅಂತ.

ಅವನ ಹುಟ್ಟುಹಬ್ಬದ ದಿನ ನಾನೂ ಇದ್ದೆ. ನಿನ್ನಮ್ಮನೂ ಇದ್ದಳು. ಅವನು ಡಬ್ಬಿ ಬಿಚ್ಚಿ "ಓ, ಭಾರಿ ಹಳೇ ಕಾಲದ್ದು!" ಅಂದ. ಸಂತೋಷವೇ ಪಟ್ಟ, ಸುಳ್ಳು ಹೇಳಬಾರದು. ಕುತ್ತಿಗೆಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ನೀನು ಎಡಗಡೆ ಚಕ್ರ ತೋರಿಸಿ ಕೆಂಪು ಚುಕ್ಕೆಯ ಮಾತು ತೆಗೆದೆ. ಅವನು ಕೈಯೆತ್ತಿ, "ವಿಡಿಯೋ ನೋಡಿದೀನಿ ಮಾರಾಯ್ತಿ, ಸಣ್ಣ ಮಗೂಗೆ ಹೇಳ್ದಂಗೆ ಹೇಳ್ಬೇಡ" ಅಂದ. ನೀನು ನಕ್ಕೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ ಅಂತ ನಿನ್ನಮ್ಮ ಮೊಣಕೈಯಿಂದ ತಿವಿದಳು.

ಆಮೇಲೆ ನೀವಿಬ್ಬರೂ ಸಮುದ್ರದ ಊರಿಗೆ ಹೋಗಿ ಬಂದಿರಿ. ಬಂದವರೇ ನೇರ ನನ್ನ ಮನೆಗೆ ಬಂದಿರಿ, ರೀಲು ತೊಳೆಸಲು. ಅವನು ಸೋಫಾದ ಮೇಲೆ ಕಾಲು ಚಾಚಿ ಕೂತು ಕಥೆ ಹೇಳಿದ. ಬಂಡೆಯ ಮೇಲೆ ನಿನ್ನನ್ನು ನಿಲ್ಲಿಸಿದ್ದು, ಗಾಳಿಗೆ ಕೂದಲು ಹಾರಿದ್ದು, ಬಂದರಿನ ದೋಣಿಗಳ ನಡುವೆ ಕೂರಿಸಿದ್ದು. "ಅಜ್ಜೀ, ಮೂವತ್ತಾರು ಅಂತ ಬರೆದಿರ್ತಾರೆ, ನಾನು ನಲವತ್ತರ ಮೇಲೇ ತೆಗೆದೆ. ಮುಗೀಲೇ ಇಲ್ಲ! ನನ್ನ ಕೈಗುಣ" ಅಂದ.

ಆಗಲೇ ನನಗೆ ಗೊತ್ತಾಯಿತು. ಮೂವತ್ತಾರರ ರೀಲು ಒಂದೋ ಎರಡೋ ಹೆಚ್ಚು ಕೊಡುತ್ತದೆ, ಅದಕ್ಕಿಂತ ಹೆಚ್ಚು ಕೊಟ್ಟ ರೀಲನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಆದರೂ ಬೆಳಕು ಬೀಳದ ಕಪ್ಪು ಚೀಲದೊಳಗೆ ಕೈ ಹಾಕಿ ರೀಲು ಸುತ್ತಿದೆ, ಔಷಧಿ ಹಾಕಿದೆ, ತೊಳೆದೆ. ಬಚ್ಚಲ ಕಿಟಕಿಗೆ ಹಿಡಿದರೆ ಈ ತುದಿಯಿಂದ ಆ ತುದಿಗೆ ಖಾಲಿ. ಅಂಚಿನಲ್ಲಿ ಕಾರ್ಖಾನೆಯವರು ಹಾಕುವ ನಂಬರುಗಳು ಮಾತ್ರ ಅಚ್ಚುಕಟ್ಟಾಗಿ ಮೂಡಿದ್ದವು. ಅಂದರೆ ಔಷಧಿ ಸರಿಯಿತ್ತು, ರೀಲೂ ಸರಿಯಿತ್ತು, ಒಂದೇ ಒಂದು ಚಿತ್ರವೂ ಅದರ ಮೇಲೆ ಬಿದ್ದಿರಲಿಲ್ಲ.

ಹೊರಗೆ ತಂದು ನಿಮ್ಮ ಮುಂದೆಯೂ ಕಿಟಕಿಗೆ ಹಿಡಿದು ಹೇಳಿದೆ. ಬೈದು ಹೇಳಲಿಲ್ಲ. "ರೀಲು ಹಲ್ಲಿಗೆ ಸಿಕ್ಕಿಲ್ಲಪ್ಪ, ಹೊಸದ್ರಲ್ಲಿ ಎಲ್ಲರಿಗೂ ಆಗುತ್ತೆ. ಚಕ್ರ ತಿರುಗ್ತಿತ್ತಾ ನೋಡಿದ್ಯಾ?" ಅಂದೆ. ಅವನ ಮುಖ ಅಲ್ಲೇ ಮುಚ್ಚಿಹೋಯಿತು. "ಕ್ಯಾಮೆರಾನೇ ಸರಿ ಇಲ್ಲ. ಹಳೇ ಗುಜರಿ. ನಾನು ಮೊದ್ಲೇ ಅಂದ್ಕೊಂಡೆ" ಅಂದ. ಅಷ್ಟೇ. ಕೂಗಲಿಲ್ಲ, ಎಸೆಯಲಿಲ್ಲ. ಕುತ್ತಿಗೆಯಿಂದ ಅದನ್ನು ತೆಗೆದು, ಇನ್ಯಾರದೋ ಚಪ್ಪಲಿ ಸರಿಸುವ ಹಾಗೆ ಮೇಜಿನ ಆಚೆಗೆ ಸರಿಸಿ, ಫೋನು ನೋಡುತ್ತಾ ಕೂತ.

ನಾನು ಅವನನ್ನು ನೋಡಲಿಲ್ಲ ಕೂಸೇ. ನಿನ್ನನ್ನು ನೋಡಿದೆ. ಅಷ್ಟು ದಿನ ಬಿಸಿಲಲ್ಲಿ ನಿಂತು ತೆಗೆಸಿಕೊಂಡ ಚಿತ್ರಗಳಲ್ಲಿ ಒಂದೂ ಇಲ್ಲ ಅಂದರೆ ಯಾವ ಹುಡುಗಿಯಾದರೂ ಅಯ್ಯೋ ಅನ್ನುತ್ತಾಳೆ. ನೀನು ಅನ್ನಲಿಲ್ಲ. ನಿನ್ನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ಹೌದು, ನಾನೇ ತಪ್ಪು ಆರಿಸ್ದೆ, ಸಾರಿ" ಅಂದೆ, ಅದನ್ನೂ ಅವನಿಗೆ.

ಟೀ ಮಾಡುವ ನೆಪದಲ್ಲಿ ನಿನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ನಿಂಗೆ ಗೊತ್ತಿತ್ತಾ?" ಅಂದೆ. ನೀನು ಲೋಟಗಳನ್ನು ಜೋಡಿಸುತ್ತಿದ್ದೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. "ಎರಡ್ನೇ ದಿನ ನೋಡ್ದೆ ಅಜ್ಜಿ. ಕೆಂಪು ಚುಕ್ಕೆ ಇದ್ದಲ್ಲೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮುಖ ಊದಿಸ್ಕೊಳ್ತಾನೆ. ಮಾತೇ ಬಿಟ್ಬಿಡ್ತಾನೆ. ಹೋಗಿರೋದೇ ನಾಲ್ಕು ದಿನಕ್ಕೆ, ಯಾಕೆ ಹಾಳು ಮಾಡೋದು ಅಂತ ಸುಮ್ನಾದೆ."

"ಮತ್ತೆ ನಿಂತ್ಕೊಂಡೆ?"

"ನಿಂತ್ಕೊಂಡೆ."

"ನಗ್ತಾ?"

ನೀನು ನಲ್ಲಿ ತಿರುಗಿಸಿದೆ. ನೀರಿನ ಸದ್ದು ಜೋರಾಗಿ ಬಂತು.

ಖಾಲಿ ಅಂತ ಗೊತ್ತಿದ್ದ ಕ್ಯಾಮೆರಾದ ಮುಂದೆ ಗದ್ದ ಎತ್ತು ಅಂದಾಗ ಎತ್ತಿದೆ, ಆ ಕಡೆ ನೋಡು ಅಂದಾಗ ನೋಡಿದೆ, ಚೆನ್ನಾಗಿ ಬಂದಿರುತ್ತೆ ಅಂತ ಮೇಲಿಂದ ಹೊಗಳಿದೆ. ಅವನು ನೋಡಲಿ ಅಂತ ಕೊಟ್ಟ ಡಬ್ಬಿ ತಾನೇ ಅದು? ನೋಡಿದ. ಉಂಗುರ ತಿರುಗಿಸಿ, ಹೋಳು ಕೂಡಿಸಿ, ನೀನು ಆಸೆಪಟ್ಟ ಹಾಗೇ ನೋಡಿದ. ಎದುರಿಗಿದ್ದವಳು ಹೆದರಿಕೊಂಡು ನಗುತ್ತಿದ್ದಾಳೆ ಅನ್ನುವುದು ಮಾತ್ರ ಅವನಿಗೆ ಕಾಣಲಿಲ್ಲ. ಎರಡು ಕಣ್ಣಿಗೂ ಸರಿಯಾದ ನಂಬರಿನ ಗಾಜು ನೀನೇ ಹಾಕಿಕೊಟ್ಟಿದ್ದೀ, ಆದರೂ.

ನಿನ್ನಮ್ಮ ಅನ್ನುತ್ತಾಳೆ, "ಹುಡುಗ ಬಂಗಾರ ಅಮ್ಮಾ, ಒಂದು ದಿನ ದನಿ ಎತ್ತಿದ್ದು ನೋಡಿಲ್ಲ." ಅವಳಿಗೆ ಏನು ಗೊತ್ತು? ಅವಳ ಅಪ್ಪನೂ ಎತ್ತಿರಲಿಲ್ಲ. ಕೂಗುವ ಗಂಡಸು ವಾಸಿ, ಅಕ್ಕಪಕ್ಕದವರಿಗಾದರೂ ಕೇಳಿಸುತ್ತದೆ. ಮಾತು ಬಿಡುವವನ ಮನೆಯಲ್ಲಿ ಏನಾಗುತ್ತಿದೆ ಅಂತ ಗೋಡೆಗೂ ತಿಳಿಯುವುದಿಲ್ಲ. ನಿನ್ನ ತಾತ ಸಿಟ್ಟು ಬಂದರೆ ನನ್ನ ಜೊತೆ ಗಿರಾಕಿಗಳ ಮೂಲಕ ಮಾತಾಡುತ್ತಿದ್ದ. "ಒಳಗಿರೋರಿಗೆ ಹೇಳಿ, ನಿಮ್ಮ ಕಾಪಿ ಬೇಗ ಕೊಡೋಕೆ" ಅಂತ ಅವರ ಬಾಯಲ್ಲಿ ಹೇಳಿಸುತ್ತಿದ್ದ, ನಾನು ಪರದೆಯ ಈಚೆ ನಿಂತಿರುತ್ತಿದ್ದೆ. ಒಮ್ಮೆ ಗಿರಾಕಿಯೊಬ್ಬರ ಮುಂದೆ ಈ ಫೋಟೋ ಅಲ್ಲಾಡಿದೆ ಅಂದುಬಿಟ್ಟಿದ್ದೆ. ಅದಕ್ಕೆ ಹೀಗೆ ಎಷ್ಟು ಕಾಲ ನಡೆಯಿತು ಅಂದರೆ, ಗಿರಾಕಿಗಳು ನನ್ನ ಹೆಸರೇ ಒಳಗಿರೋರು ಅಂದುಕೊಂಡಿದ್ದರು.

ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಹಟಮಾರಿ ಮಕ್ಕಳು ಬಂದರೆ, ನಂದೂ ಒಂದು ತೆಗೀರಿ ಅಂತ ಜೊತೆಗೆ ಬಂದವರು ಪೀಡಿಸಿದರೆ, ರೀಲು ಇಲ್ಲದೆ ಬರೀ ಫ್ಲ್ಯಾಶ್ ಹೊಡೆದು ಸಮಾಧಾನ ಮಾಡಿ ಕಳಿಸುವುದು. ಸುಮ್ನೆ ಹೊಡಿ ಅಂತ ನಮ್ಮೊಳಗೆ ಅದರ ಹೆಸರು. ನಿನ್ನಮ್ಮ ಆಗ ತೊಟ್ಟಿಲಲ್ಲಿದ್ದಳು. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು, ನಂದೊಂದು ತೆಗೀರಿ ಅಂದೆ. ಕೂತ್ಕೋ ಅಂದ. ಕೂತೆ. ದೊಡ್ಡ ಕ್ಯಾಮೆರಾಕ್ಕೆ ರೀಲಿನ ಬದಲು ಹಾಕುವ ಫಿಲ್ಮಿನ ಹಾಳೆಗಳನ್ನು ಕತ್ತಲಲ್ಲಿ ತುಂಬಿಕೊಡುತ್ತಿದ್ದವಳು ನಾನೇ. ತುಂಬಿದ್ದು ಬೆಳಿಗ್ಗೆಯೇ ಮುಗಿದಿತ್ತು, ಮತ್ತೆ ತುಂಬಿರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಕರಿಬಟ್ಟೆಯೊಳಗೆ ತಲೆ ಹಾಕಿ, ಸ್ವಲ್ಪ ನಗು ಅಂದ. ನಕ್ಕೆ. ಬೆಳಕು ಹೊಡೆಯಿತು. ಸಂಜೆ, ನಿಂದು ಸರಿಯಾಗಿ ಬಂದಿಲ್ಲ ಅಂದ. ಹೌದಾ ಅಂದೆ.

ಊರ ಹೆಣ್ಣುಮಕ್ಕಳ ಮುಖವನ್ನೆಲ್ಲ ಕೆಂಪು ದೀಪದಲ್ಲಿ ನೀರಿನಿಂದ ಎತ್ತಿ ಒಣಹಾಕಿದವಳು ನಾನು. ನನ್ನ ಹರೆಯದ ಮುಖ ಹೇಗಿತ್ತು ಅಂತ ತೋರಿಸಲು ನಿನಗೆ ಒಂದು ಚೂರು ಕಾಗದ ಇಲ್ಲ. ಇದರಲ್ಲಿ ನನ್ನ ತಪ್ಪು ಹುಡುಕಬೇಡ, ತಪ್ಪು ಅವನದು. ಕೇಳಿದ್ದರೆ ಮಾತು ಬಿಡುತ್ತಿದ್ದ. ಮಾತು ಬಿಟ್ಟರೆ ಹೋಗಲು ನನಗೆ ಇದ್ದ ಜಾಗ ಆ ಡಾರ್ಕ್ ರೂಮೇ. ಆದ್ದರಿಂದ ಹೌದಾ ಅಂದೆ, ಅವನು ಸಾಯುವವರೆಗೂ ಹೌದಾ ಅನ್ನುತ್ತಲೇ ಇದ್ದೆ. ನನ್ನ ನಾಲಿಗೆ ಇಷ್ಟು ಚೂಪಾಗಿದ್ದು ಆಮೇಲೆ. ಆಗ ಕತ್ತರಿಸಲು ಎದುರಿಗೆ ಯಾರೂ ಉಳಿದಿರಲಿಲ್ಲ.

ನಿನಗೆ ಆ ಕಷ್ಟವಿಲ್ಲ. ನಿನಗೆ ಕೆಲಸ ಇದೆ, ನಿನ್ನ ಬಾಡಿಗೆ ಕೋಣೆ ಇನ್ನೂ ಬಿಟ್ಟುಕೊಟ್ಟಿಲ್ಲ, ಅದರ ಬೀಗದಕೈ ನಿನ್ನ ಚೀಲದಲ್ಲೇ ಇದೆ. ಹಾಗಿದ್ದೂ ಹೀಗೆ ಬಗ್ಗುತ್ತೀಯಲ್ಲ, ಅದಕ್ಕೇ ನನಗೆ ಉರಿಯುವುದು. ಬೇಡ ಅನ್ನುವ ದಾರಿಯಿದ್ದವಳು ಬಗ್ಗಿದರೆ, ದಾರಿಯೇ ಇಲ್ಲದೆ ಬಗ್ಗಿದವಳಿಗೆ ಎಷ್ಟು ಅವಮಾನ ಅಂತ ನಿನಗೆ ಹೊಳೆಯಬೇಕು. ಕ್ಯಾಮೆರಾ ಆರಿಸುವಾಗ ಅವನು ಇವನು ಅಂತಿದ್ದವಳು ಈಗ ಅವರು ಅನ್ನುತ್ತಿದ್ದೀ. ಅನ್ನು, ಮರ್ಯಾದೆ ಕೊಟ್ಟರೆ ಕೆಟ್ಟದ್ದೇನಲ್ಲ. ಆದರೆ ಅವನು ಮಾಡಿದ ಎಡವಟ್ಟನ್ನು ನಿನ್ನ ತಲೆಯ ಮೇಲೆ ಎಳೆದುಕೊಂಡು ಬಂದ ಮರ್ಯಾದೆ ಅದಾದರೆ, ನನಗೆ ಅದು ಬೇಡ.

ಈಗ ಇನ್ನೊಂದು ಕ್ಯಾಮೆರಾ ಆರಿಸಿಕೊಡು ಅನ್ನುತ್ತೀ. ಎಲ್ಲ ಅದೇ ಮಾಡಿಕೊಳ್ಳುವಂಥದ್ದು. ಅವನು ತಪ್ಪೇ ಮಾಡಲಾಗದಂಥದ್ದು ಅಂತ ತಾನೇ ಅದರ ಅರ್ಥ? ಆ ಮುದುಕನ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಇನ್ನೂ ಇರಬಹುದು, ಹೋಗಿ ನೀನೇ ತಗೋ. ಅದರ ಜೊತೆಗೆ ಅವನು ತಪ್ಪು ಮಾಡಲಾಗದಂಥ ಒಲೆ, ತಪ್ಪು ಮಾಡಲಾಗದಂಥ ಮಗು, ತಪ್ಪು ಮಾಡಲಾಗದಂಥ ಮುಪ್ಪು, ಎಲ್ಲವನ್ನೂ ಹುಡುಕಿಟ್ಟುಕೋ. ಎಲ್ಲಿ ಸಿಗುವುದಿಲ್ಲವೋ ಅಲ್ಲಿ ನಾನೇ ಬಾಗಿಲು ತೆಗೆದೆ ಅಂತ ಹೇಳಲು ನೀನಂತೂ ಇದ್ದೇ ಇರುತ್ತೀ. ನಾನು ಆರಿಸುವುದಿಲ್ಲ. ಅವನು ಕೇಳಿದರೆ ನಿನ್ನ ಸುಳ್ಳಿಗೆ ಸಾಕ್ಷಿಯನ್ನೂ ಹೇಳುವುದಿಲ್ಲ.

ಮದುವೆ ಬೇಡ ಅನ್ನುತ್ತಿಲ್ಲ. ಅವನು ಕೆಟ್ಟವನೋ, ಬರೀ ಎಳಸೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ, ಯಾಕೆಂದರೆ ನಿಜವನ್ನು ನೀನು ಅವನ ಮುಂದೆ ಇಟ್ಟೇ ಇಲ್ಲ. ಒಂದೇ ಕೆಲಸ ಮಾಡು. ಮುಂದಿನ ತಿಂಗಳು ಮದುವೆ ರಿಜಿಸ್ಟರಿಗೆ ಸಹಿ ಹಾಕುವ ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳು: "ನಾನು ಬಾಗ್ಲು ತೆಗ್ದಿರ್ಲಿಲ್ಲ. ಚಕ್ರ ತಿರುಗ್ತಿರ್ಲಿಲ್ಲ. ನಾನು ನೋಡ್ದೆ. ನಿಂಗೆ ಹೆದರಿ ಹೇಳ್ಲಿಲ್ಲ." ನಗುತ್ತಾ ಹೇಳಬೇಡ. ಸಾರಿ ಸೇರಿಸಬೇಡ. ಹೇಳಿ ಸುಮ್ಮನೆ ಕೂತಿರು. ಕೊನೆಯ ಮಾತು ಕೇಳಿ ಅವನ ಮುಖ ಇಳಿದು, ನನಗೆ ಯಾಕೆ ಹೆದರಿದೆ ಅಂತ ಕೇಳಿದರೆ, ನಿನಗೆ ಗಂಡ ಸಿಕ್ಕ. ಫೋನು ತೆಗೆದುಕೊಂಡು ನೋಡುತ್ತಾ ಕೂತರೆ, ನನಗೆ ಸಿಕ್ಕಿದ್ದೇ ನಿನಗೂ ಸಿಕ್ಕಿತು.

ನೀನು ಹೇಳಲಾರೆ ಅಂತ ನನ್ನ ಮನಸ್ಸು ಹೇಳುತ್ತಿದೆ. ಈ ಪತ್ರವನ್ನು ಅಂಗಡಿಯ ಡ್ರಾಯರಿನಲ್ಲಿ ಕನ್ನಡಕದ ಡಬ್ಬಿಗಳ ಕೆಳಗೆ ತಳ್ಳಿ, ಅಜ್ಜಿಗೆ ವಯಸ್ಸಾಯಿತು ಅಂದುಕೊಳ್ಳುತ್ತೀ. ಆಗಿದೆ. ಆದರೂ ಮದುವೆಗೆ ಬರುತ್ತೇನೆ, ಹಿಂದಿನ ಸಾಲಲ್ಲಿ ಕೂರುವವಳಲ್ಲ. ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯುವವನು ಈ ಕಡೆ ನೋಡಿ ಅಂದಾಗ ನೀವೆಲ್ಲ ನೋಡಿ. ನಾನು ನೋಡುವುದಿಲ್ಲ. ತಿರುಗಿ ನಿನ್ನ ಮುಖವನ್ನೇ ನೋಡುತ್ತಿರುತ್ತೇನೆ. ಆ ಮುಖದ ಮೇಲೆ ಇರುವುದು ಯಾವ ನಗು ಅಂತ ಅಲ್ಲಿ ಇನ್ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯುತ್ತದೆ, ತಿಳಿಯಿತು ಅಂತ ನಿನಗೂ ತಿಳಿಯುತ್ತದೆ.

ಸುಖವಾಗಿರು ಅಂತ ಹರಸುವವರು ಬೇಕಾದಷ್ಟು ಜನ ಬರುತ್ತಾರೆ. ನಾನು ಇಷ್ಟೇ ಹರಸುತ್ತೇನೆ: ನಿನ್ನ ದನಿ ನಿನ್ನ ಗಂಟಲಲ್ಲೇ ಕೊಳೆಯದಿರಲಿ.

ಹೀಗೆ ಬರೆದದ್ದಕ್ಕೆ ಬೇಕಾದರೆ ಮಾತು ಬಿಡು, ನನಗೆ ಅದು ಅಭ್ಯಾಸ ಇದೆ ಅನ್ನುವ,

ನಿನ್ನ ಅಮ್ಮನ ಅಮ್ಮ